ಕ್ರೋಶಾ ಕಡ್ಡಿಯ ವಯಸ್ಸು: ಒಂದು ಮನೆವಸ್ತುವಿನ ಕಾಲನಿರ್ಣಯ

ಕಾಲ ನಮೂದಾಗದ ಶಾಸನವನ್ನು ಓದಲು ಹೊರಟವರಿಗೆ ಅಕ್ಷರದ ಬಾಗು, ಕಲ್ಲಿನ ಜಾತಿ, ನಡುವೆ ಬರುವ ಅಧಿಕಾರಿಯ ಬಿರುದು ಇವೇ ಆಧಾರ. ತೇದಿಯಿಲ್ಲದ ವೀರಗಲ್ಲನ್ನು ಲಿಪಿಯ ಬಲದಿಂದ ಇಂಥ ಶತಮಾನದ್ದೆಂದು ಹೇಳುವ ಕ್ರಮ ಕನ್ನಡ ಸಂಶೋಧನೆಗೆ ಹೊಸದಲ್ಲ. ಆದರೆ ಅಜ್ಜಿಯ ಪೆಟ್ಟಿಗೆಯ ತಳದಲ್ಲಿ, ಗುಂಡಿಗಳ ಹಾಗೂ ಅರ್ಧ ಹೆಣೆದ ಲೇಸಿನ ನಡುವೆ ಸಿಗುವ ಒಂದು ಕ್ರೋಶಾ ಕಡ್ಡಿಯ ಎದುರಿಗೆ ಇದೇ ಸಂಶೋಧನೆ ಸುಮ್ಮನಾಗುತ್ತದೆ. ಗೇಣಿಗಿಂತ ಕಡಿಮೆ ಉದ್ದ, ತುದಿಯಲ್ಲೊಂದು ಕೊಕ್ಕೆ, ಹೆಚ್ಚೆಂದರೆ ಒಂದು ಅಂಕಿ. ಅದರ ಕಾಲವನ್ನು ಹೇಳುವ ಕೆಲಸ ಮನೆಯವರ ನೆನಪಿಗೆ ಉಳಿಯುತ್ತದೆ. ಆ ನೆನಪು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಮುಗಿಯುತ್ತದೆ: ‘ದೊರೆಸಾನಿ ಕೊಟ್ಟದ್ದು’ ಅಥವಾ ‘ಮಿಶನ್ನಿನವರು ಕಲಿಸಿದ್ದು’.

ಈ ಎರಡು ಮಾತುಗಳನ್ನು ಹಗುರವಾಗಿ ಎಣಿಸುವಂತಿಲ್ಲ. ನೀಲಗಿರಿ, ಕಾಸರಗೋಡು, ಸೊಲ್ಲಾಪುರಗಳಂಥ ಗಡಿನೆಲೆಗಳಲ್ಲಿ ಕನ್ನಡ ಮನೆತನಗಳ ಚರಿತ್ರೆಗೆ ಸಿಗುವ ಲಿಖಿತ ಆಧಾರಗಳು ಬಹುತೇಕ ಭೂಮಿ, ದೇವಸ್ಥಾನ ಮತ್ತು ಶಾಲೆಗೆ ಸಂಬಂಧಿಸಿದವು. ಅವುಗಳಲ್ಲಿ ಹೆಂಗಸರ ಹೆಸರು ಅಪರೂಪ. ಅವರು ಬಳಸಿ, ಮಗಳಿಗೋ ಸೊಸೆಗೋ ದಾಟಿಸಿದ ಉಪಕರಣ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಬಲ್ಲದು. ಆದರೆ ಕಡ್ಡಿಯ ಕಾಲವನ್ನು ತಪ್ಪಾಗಿ ಗುರುತಿಸಿದರೆ ಅದರ ಬೆನ್ನಿಗೆ ಬರುವ ಚರಿತ್ರೆಯೂ ತಪ್ಪುತ್ತದೆ. 1950ರ ದಶಕದ ಕಡ್ಡಿಯೊಂದನ್ನು 1850ರದೆಂದು ನಂಬಿದರೆ, ಸಂತೆಯಲ್ಲಿ ತನ್ನ ದುಡ್ಡು ಕೊಟ್ಟು ಅದನ್ನು ಕೊಂಡ ಹೆಂಗಸು ಮರೆಯಾಗಿ, ಎಂದೂ ಕೊಟ್ಟಿರದ ದೊರೆಸಾನಿ ಅವಳ ಜಾಗದಲ್ಲಿ ಬಂದು ಕೂರುತ್ತಾಳೆ.

ಮೊದಲು ಮೇಲಿನ ಗಡಿ. ಕ್ರೋಶಾ ಎಷ್ಟು ಹಳೆಯದೋ ಅದಕ್ಕಿಂತ ಕಡ್ಡಿ ಹಳೆಯದಾಗಿರಲು ಸಾಧ್ಯವಿಲ್ಲ. ಅಚ್ಚಾದ ಮೊದಲ ಕ್ರೋಶಾ ಮಾದರಿಗಳು ಕಾಣಿಸುವುದು 1823ರಲ್ಲಿ, ‘ಪೆನೆಲೋಪೆ’ ಎಂಬ ಡಚ್ ಪತ್ರಿಕೆಯಲ್ಲಿ. ಸ್ಕಾಟ್ಲೆಂಡಿನ ‘ಕುರುಬರ ಹೆಣಿಗೆ’ಯ ಉಲ್ಲೇಖ ಹತ್ತೊಂಬತ್ತನೆಯ ಶತಮಾನದ ಎರಡನೆಯ ದಶಕಕ್ಕೆ ಸೇರುತ್ತದೆ. ಇದಕ್ಕೂ ಹಿಂದಕ್ಕೆ ಒಯ್ಯುವ ವಾದಗಳಿಗೆ ಉಳಿದುಬಂದ ವಸ್ತುಗಳ ಬೆಂಬಲವಿಲ್ಲವೆಂಬುದನ್ನು ಡೆನ್ಮಾರ್ಕಿನ ಲಿಸ್ ಪಾಲುಡಾನ್ ಅವರ ಅಧ್ಯಯನ ಸಾಕಷ್ಟು ಸ್ಪಷ್ಟಪಡಿಸಿದೆ. ಇಂಗ್ಲೆಂಡಿನಲ್ಲಿ 1840ರ ದಶಕದಿಂದ ಮಾದರಿ ಪುಸ್ತಕಗಳ ಮಳೆ ಸುರಿಯಿತು. ಅವುಗಳಲ್ಲಿ ರಿಯೆಗೋ ದ ಲಾ ಬ್ರಾಂಶಾರ್ಡಿಯೇರ್ ಅವರವು ಹೆಸರಾದವು. ಐರ್ಲೆಂಡಿನ ಮಹಾಕ್ಷಾಮದ ವರ್ಷಗಳಲ್ಲಿ ಕನ್ಯಾಮಠಗಳು ಕ್ರೋಶಾ ಲೇಸನ್ನು ಹಸಿದವರ ಜೀವನೋಪಾಯವಾಗಿ ಹಬ್ಬಿಸಿದವು. ಭಾರತದ ಕನ್ಯಾಮಠಗಳ ಕ್ರೋಶಾ ಪರಂಪರೆಯನ್ನು ವಿವರಿಸುವಾಗ ಈ ಕಾಲಾನುಕ್ರಮವನ್ನು ಮರೆಯುವವರು ಬಹಳ. ಉದಾಹರಣೆಗೆ, ಪ್ರೆಸೆಂಟೇಶನ್ ಸಭೆಯ ಐರಿಷ್ ಸನ್ಯಾಸಿನಿಯರು ಮದರಾಸಿಗೆ ಬಂದದ್ದು 1842ರಲ್ಲಿ, ಅಂದರೆ ಕ್ಷಾಮಕ್ಕೂ ಕ್ಷಾಮ ಹಬ್ಬಿಸಿದ ಲೇಸಿಗೂ ಮುನ್ನ. ಅವರ ಮಠಗಳಲ್ಲಿ ಐರಿಷ್ ಕ್ರೋಶಾ ಬೇರೂರಿದ್ದರೆ ಅದನ್ನು ತಂದವರು ಆ ಮೊದಲ ತಂಡದವರಾಗಿರುವುದಕ್ಕಿಂತ ನಂತರ ಬಂದವರಾಗಿರುವ ಸಂಭವವೇ ಹೆಚ್ಚು. ಹೀಗಾಗಿ ‘ಇನ್ನೂರೈವತ್ತು ವರ್ಷದ ಕ್ರೋಶಾ ಕಡ್ಡಿ’ ಎಂಬುದು ಎಲ್ಲಿ ಕಂಡರೂ ಸಂಶಯಕ್ಕೆ ಅರ್ಹ.

ಸಂಶಯ ಬಂದಾಗ ಕೇಳಬೇಕಾದ ಪ್ರಶ್ನೆ, ಅದು ಕ್ರೋಶಾ ಕಡ್ಡಿಯೇ ಹೌದೆ ಎಂಬುದು. ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಕೊಕ್ಕೆಯ ಮೊನೆಯಿಂದ ಚುಚ್ಚಿ, ಅಡಿಯ ನೂಲನ್ನು ಮೇಲಕ್ಕೆಳೆದು ಸರಪಳಿ ಹೊಲಿಗೆ ಹಾಕುವ ಆರಿ ಕೆಲಸ ಕ್ರೋಶಾಕ್ಕಿಂತ ಹಳೆಯದು. ಕಚ್ಛದ ಮೋಚಿಗಳು ಚರ್ಮದ ಕೆಲಸದ ಆರಿಯನ್ನೇ ರೇಷ್ಮೆ ಕಸೂತಿಗೆ ಒಗ್ಗಿಸಿಕೊಂಡರು. ಇದೇ ತಂತ್ರ ಪೂರ್ವದೇಶಗಳಿಂದ ಯುರೋಪಿಗೆ ಹೋಗಿ ಹದಿನೆಂಟನೆಯ ಶತಮಾನದಲ್ಲಿ ‘ಟ್ಯಾಂಬೂರ್’ ಎನಿಸಿತು. ಬಟ್ಟೆಯನ್ನು ಕಳಚಿ ಸರಪಳಿಯನ್ನಷ್ಟೇ ಗಾಳಿಯಲ್ಲಿ ಹೆಣೆದದ್ದರಿಂದ ಕ್ರೋಶಾ ಹುಟ್ಟಿತೆಂಬ ವಿವರಣೆಗೆ ವಿದ್ವಾಂಸರಲ್ಲಿ ಒಲವಿದೆ. ಎರಡು ಉಪಕರಣಗಳನ್ನು ಬೆರಳಿನಿಂದಲೇ ಬೇರ್ಪಡಿಸಬಹುದು: ಆರಿಯ ಮೊನೆ ಚುಚ್ಚುತ್ತದೆ, ಕ್ರೋಶಾದ ಮೊನೆ ದುಂಡಗೆ ಜಾರುತ್ತದೆ. ಅಗಲವಾದ ದೊಡ್ಡ ಕೊಕ್ಕೆಯಿದ್ದರೆ ಅದು ಹಳೆಯ ಬೂಟಿನ ಗುಂಡಿ ಹಾಕುವ ಸಾಧನ. ಕೊಕ್ಕೆಗೆ ಮಡಚುವ ನಾಲಗೆಯಿದ್ದರೆ ನೆಲಹಾಸು ಗಂಟಿಕ್ಕುವ ಸಾಧನ. ಹಿಂತುದಿಯಲ್ಲಿ ಗುಬುಟಿರುವ ನೀಳ ಕಡ್ಡಿ ಮಾತ್ರ ಕ್ರೋಶಾದ್ದೇ, ಟ್ಯುನೀಶಿಯನ್ ಎಂಬ ಬಗೆಗೆ ಸೇರಿದ್ದು.

ಪದದ ಚರಿತ್ರೆಯಿಂದ ಕಾಲ ಹೇಳುವ ಆಸೆ ಭಾಷಾಧ್ಯಯನದವರಿಗೆ ಸಹಜ. ಫ್ರೆಂಚಿನಲ್ಲಿ ಕೊಕ್ಕೆ ಎಂಬ ಅರ್ಥದ ಮೂಲದಿಂದ ಬಂದ ‘ಕ್ರೋಶೇ’ ಇಂಗ್ಲಿಷಿನಲ್ಲಿ ಹಾಗೆಯೇ ಉಳಿಯಿತು. ಜರ್ಮನ್, ಡಚ್, ಡೇನಿಷ್ ಭಾಷೆಗಳು ಕೊಕ್ಕೆಗೆ ತಮ್ಮದೇ ಪದವಿಟ್ಟು ಕ್ರಿಯಾಪದ ಕಟ್ಟಿಕೊಂಡವು. ಕನ್ನಡಕ್ಕೆ ‘ಕೊಕ್ಕೆ’ ಎಂಬ ಸೊಗಸಾದ ಮಾತಿದ್ದೂ ‘ಕ್ರೋಶಾ’ವೇ ಬಳಕೆಗೆ ಬಂತು. ಅದರ ಕೊನೆಯ ದೀರ್ಘಸ್ವರ ಇಂಗ್ಲಿಷ್ ಉಚ್ಚಾರಕ್ಕಿಂತ ಮರಾಠಿಯ ರೂಪಕ್ಕೆ ಹತ್ತಿರವಿರುವುದು ಗಮನಿಸತಕ್ಕದ್ದು. ಆದರೂ ಪದ ಬಂದ ದಾರಿ ಪದದ್ದು, ಕಡ್ಡಿ ಬಂದ ದಾರಿ ಕಡ್ಡಿಯದು. ಒಂದರಿಂದ ಇನ್ನೊಂದನ್ನು ಊಹಿಸಲು ಬರುವುದಿಲ್ಲ.

ದ್ರವ್ಯದ ಸಾಕ್ಷ್ಯ ಇದಕ್ಕಿಂತ ಗಟ್ಟಿ. ಬಿಳಿ ಇಲ್ಲವೆ ಹಳದಿ ಬಣ್ಣದ ಪ್ರತಿಯೊಂದು ಕಡ್ಡಿಯನ್ನೂ ಮನೆಯವರು ‘ದಂತದ್ದು’ ಎನ್ನುತ್ತಾರೆ. ಪರೀಕ್ಷಿಸಿದರೆ ಬಹುಪಾಲು ಮೂಳೆಯವು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಡಿ ಮೂಳೆಯಲ್ಲಿ ರಕ್ತನಾಳಗಳು ಹಾದಿದ್ದ ಸೂಕ್ಷ್ಮ ಕೊಳವೆಗಳು ಚುಕ್ಕೆಗಳಾಗಿಯೋ ಸಣ್ಣ ಕಪ್ಪು ಗೀರುಗಳಾಗಿಯೋ ಕಾಣುತ್ತವೆ. ದಂತದಲ್ಲಿ ಅವಿಲ್ಲ, ಅಡ್ಡಕೊಯ್ತದಲ್ಲಿ ಒಂದನ್ನೊಂದು ಹಾಯುವ ಕಮಾನುಗೆರೆಗಳಿರುತ್ತವೆ, ಆದರೆ ಕಡ್ಡಿಯಷ್ಟು ತೆಳುವಾದ ವಸ್ತುವಿನಲ್ಲಿ ಅವನ್ನು ಹಿಡಿಯುವುದು ಸುಲಭವಲ್ಲ. ಗೆರೆಗಳು ಕಾಗದದ ಮೇಲೆ ಅಡಿಪಟ್ಟಿ ಇಟ್ಟು ಎಳೆದಂತೆ ಸಮಾನಾಂತರವಾಗಿದ್ದರೆ ಅದು ದಂತವನ್ನು ಅನುಕರಿಸಿದ ಸೆಲ್ಯುಲಾಯ್ಡ್. ಮೂಳೆ ಮತ್ತು ದಂತ ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಬಳಕೆಯಲ್ಲಿದ್ದು ಇಪ್ಪತ್ತನೆಯದಕ್ಕೂ ದಾಟಿದ್ದರಿಂದ ಅವು ಕಾಲವನ್ನು ಸಡಿಲವಾಗಿ ಮಾತ್ರ ಹೇಳುತ್ತವೆ. ಸೆಲ್ಯುಲಾಯ್ಡ್ ಹಾಗಲ್ಲ: ಅಮೆರಿಕದ ಹಯಟ್ ಸೋದರರು ಅದಕ್ಕೆ ಪೇಟೆಂಟ್ ಪಡೆದದ್ದು 1870ರಲ್ಲಿ, ಅದಕ್ಕಿಂತ ಹಿಂದಕ್ಕೆ ಅಂಥ ಕಡ್ಡಿಯನ್ನು ಒಯ್ಯಲಾಗದು. ಹಾಲಿನ ಕೇಸೀನಿನಿಂದ ಮಾಡಿದ ಗ್ಯಾಲಲಿತ್ 1890ರ ದಶಕದ ಕೊನೆಯದು, ಬೇಕಲೈಟ್ 1907ರ ನಂತರದ್ದು. ಅಂಗೈಯಲ್ಲಿ ಚೆನ್ನಾಗಿ ಉಜ್ಜಿ ಮೂಸಿದರೆ ಸೆಲ್ಯುಲಾಯ್ಡ್ ಕರ್ಪೂರದ ವಾಸನೆ ಬಿಡುತ್ತದೆ. ಕಾಯಿಸಿದ ಸೂಜಿ ಚುಚ್ಚಿ ನೋಡುವ ಹಳೆಯ ಪರೀಕ್ಷೆಯನ್ನು ಇಲ್ಲಿ ಬಿಟ್ಟುಬಿಡುವುದೇ ಲೇಸು. ಸೆಲ್ಯುಲಾಯ್ಡ್ ಥಟ್ಟನೆ ಹೊತ್ತಿಕೊಳ್ಳುವ ವಸ್ತು, ವಯಸ್ಸು ತಿಳಿಯುವಷ್ಟರಲ್ಲಿ ಕಡ್ಡಿಯೇ ಇಲ್ಲವಾದೀತು.

ಬಣ್ಣವನ್ನು ನಂಬಿ ಹೇಳುವ ವಯಸ್ಸು ಎಲ್ಲಕ್ಕಿಂತ ದುರ್ಬಲ. ಮೂಳೆ ಹಳದಿಯಾಗಲು ನೂರು ವರ್ಷ ಬೇಕಿಲ್ಲ. ಅರಿಶಿನ, ಹರಳೆಣ್ಣೆ, ಕಟ್ಟಿಗೆ ಒಲೆಯ ಹೊಗೆ ಇರುವ ಮನೆಯಲ್ಲಿ ಹತ್ತು ವರ್ಷ ಸಾಕು. ಉಕ್ಕಿನ ತುಕ್ಕೂ ಅಷ್ಟೇ. ಕಾಸರಗೋಡಿನ ಕಡಲ ಗಾಳಿಯಲ್ಲಿ ಒಂದೇ ಮಳೆಗಾಲ ಬಿಚ್ಚಿಟ್ಟ ಕಡ್ಡಿ, ಸೊಲ್ಲಾಪುರದ ಒಣಹವೆಯಲ್ಲಿ ಎರಡು ತಲೆಮಾರು ಕಳೆದ ಕಡ್ಡಿಗಿಂತ ಹಳೆಯದಾಗಿ ಕಾಣುತ್ತದೆ. ಹೆಬ್ಬೆರಳು ಕೂರುವ ಜಾಗ ಸವೆದು ಹೊಳೆಯುತ್ತಿದ್ದರೆ ಅದು ಎಷ್ಟು ದುಡಿಯಿತೆಂಬುದು ತಿಳಿದೀತು, ಎಂದಿನಿಂದ ದುಡಿಯಿತೆಂಬುದು ತಿಳಿಯದು. ಸವೆತ ದುಡಿಮೆಯ ಲೆಕ್ಕ ಮಾತ್ರ. ಮಹಿಳಾ ಚರಿತ್ರೆಗೆ ಅದೂ ಕಡಿಮೆ ಬೆಲೆಯದೇನಲ್ಲ.

ಲೋಹಗಳಲ್ಲಿ ಅಲ್ಯೂಮಿನಿಯಮ್ ಅತ್ಯಂತ ಖಚಿತ ಸಾಕ್ಷಿ. 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂಲ್ ಪರಸ್ಪರ ಅರಿವಿಲ್ಲದೆ ಕಂಡುಕೊಂಡ ವಿದ್ಯುದ್ವಿಭಜನೆಯ ವಿಧಾನಕ್ಕೆ ಮುನ್ನ ಅದು ಒಡವೆಯ ಬೆಲೆಯ ಲೋಹ. ಮನೆಗೆಲಸದ ಕಡ್ಡಿಗೆ ಅದನ್ನು ಬಳಸುವ ಪ್ರಶ್ನೆಯೇ ಇರಲಿಲ್ಲ. ಬಣ್ಣ ಹಿಡಿಸಿದ ಅಲ್ಯೂಮಿನಿಯಮ್ ಇನ್ನೂ ಈಚಿನದು, ಏಕೆಂದರೆ ಆ ಮೇಲ್ಮೈ ಸಂಸ್ಕಾರ ಕೈಗಾರಿಕೆಗೆ ಬಂದದ್ದು 1920ರ ದಶಕದಲ್ಲಿ. ಕೆಂಪು, ನೀಲಿ, ಹಸಿರು ಹೊಳಪಿನ ಲೋಹದ ಕಡ್ಡಿಯನ್ನು ಮುತ್ತಜ್ಜಿಯ ಮದುವೆಯ ಉಡುಗೊರೆ ಎಂದು ತೋರಿಸಿದರೆ, ಮದುವೆಯ ವರ್ಷವನ್ನು ಮೊದಲು ಕೇಳಿಕೊಳ್ಳಬೇಕು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಅಲ್ಯೂಮಿನಿಯಮ್ಮೆಲ್ಲ ವಿಮಾನ ಕಾರ್ಖಾನೆಗಳ ಪಾಲಾಗಿತ್ತೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ತುಕ್ಕುಹಿಡಿಯದ ಉಕ್ಕು ಶೆಫೀಲ್ಡಿನಲ್ಲಿ ಬ್ರಿಯರ್ಲಿ ಅವರ ಕೈಗೆ ಬಂದದ್ದು 1913ರಲ್ಲಿ. ಬೆಳ್ಳಿಯ ಹಿಡಿಯಿರುವ ಕಡ್ಡಿ ಇಂಗ್ಲೆಂಡಿನದಾದರೆ ಅದೃಷ್ಟವೇ ಸರಿ: ಬೆಳ್ಳಿಯ ಮೇಲಿನ ಸರಕಾರಿ ಮುದ್ರೆಗಳಲ್ಲಿ ವರ್ಷಕ್ಕೊಂದು ಅಕ್ಷರವಿರುತ್ತದೆ, ಲಂಗರಿನ ಚಿತ್ರವಿದ್ದರೆ ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆಯಾದದ್ದು. ಆದರೆ ಆ ವರ್ಷ ಹಿಡಿಯದ್ದು; ಮುರಿದ ಉಕ್ಕಿನ ಕೊಕ್ಕೆಯನ್ನು ತೆಗೆದು ಹೊಸತನ್ನು ಸಿಕ್ಕಿಸುವುದಕ್ಕಾಗಿಯೇ ಅನೇಕ ಹಿಡಿಗಳಿಗೆ ತಿರುಪು ಇತ್ತು.

ಇನ್ನು ಅಂಕಿಗಳು. ಕಡ್ಡಿಯ ಮೇಲಿನ ಅಂಕಿ ಕಾಲವನ್ನು ಹೇಳುವುದಿಲ್ಲ. ಅದು ಯಾವ ಅಳತೆಯ ಅಂಕಿ ಎಂಬುದು ಹೇಳುತ್ತದೆ. ಬ್ರಿಟನ್ನಿನಲ್ಲಿ ತಂತಿಯ ದಪ್ಪಕ್ಕೆ ಒಬ್ಬೊಬ್ಬ ತಯಾರಕನಿಗೂ ಒಂದೊಂದು ಲೆಕ್ಕವಿದ್ದ ಕಾಲ ಮುಗಿದದ್ದು 1884ರ ಮಾರ್ಚ್ 1ರಿಂದ, ಪ್ರಮಾಣಬದ್ಧ ತಂತಿ ಅಳತೆ ಕಾನೂನಾದಾಗ. ಈ ಕ್ರಮದಲ್ಲಿ ಅಂಕಿ ಏರಿದಂತೆ ಕಡ್ಡಿ ತೆಳುವಾಗುತ್ತದೆ: 8 ಎಂದರೆ ಸುಮಾರು 4 ಮಿಲಿಮೀಟರ್, 14 ಎಂದರೆ ಸುಮಾರು 2. ಅಮೆರಿಕದ ದಪ್ಪ ಕಡ್ಡಿಗಳಿಗೆ ಇಂಗ್ಲಿಷ್ ಅಕ್ಷರಗಳಿದ್ದು ಅಕ್ಷರ ಮುಂದುವರಿದಂತೆ ದಪ್ಪ ಹೆಚ್ಚುತ್ತದೆ. ಜಪಾನಿನಲ್ಲಿ ಉಣ್ಣೆಯ ಕಡ್ಡಿಗೆ ಒಂದು ಲೆಕ್ಕ, ಲೇಸಿನ ಕಡ್ಡಿಗೆ ಅದರ ತಲೆಕೆಳಗು. ಮಿಲಿಮೀಟರಿನ ಅಂಕಿ ಕಂಡೊಡನೆ ‘1956ರ ಮೆಟ್ರಿಕ್ ಕಾಯಿದೆಯ ನಂತರದ್ದು’ ಎಂದುಬಿಡುವ ಅವಸರ ಬೇಡ. ಯುರೋಪಿನ ಒಳನಾಡುಗಳಿಗೆ ಆ ಅಳತೆ ಮೊದಲಿನಿಂದಲೂ ಮನೆಯದೇ. ಭಾರತದ ತಯಾರಕನ ಹೆಸರಿನ ಜೊತೆಗೆ ಮಿಲಿಮೀಟರ್ ಬಂದರೆ ಮಾತ್ರ ಆ ತರ್ಕ ನಿಲ್ಲುತ್ತದೆ.

ದೇಶದ ಹೆಸರೂ ಹೀಗೆಯೇ. 1890ರ ಅಮೆರಿಕದ ಸುಂಕದ ಕಾಯಿದೆ ಆಮದು ಸರಕಿನ ಮೇಲೆ ಮೂಲದೇಶದ ಹೆಸರನ್ನು ಕಡ್ಡಾಯ ಮಾಡಿತು. ಸುಳ್ಳು ಮುದ್ರೆಗಳನ್ನು ತಡೆಯಲು ಬ್ರಿಟನ್ 1887ರಲ್ಲಿ ಕಾಯಿದೆ ಮಾಡಿತು; ಅದೇ ಹಾದಿಯಲ್ಲಿ ಬ್ರಿಟಿಷ್ ಇಂಡಿಯಾದ ಸರಕುಮುದ್ರೆ ಕಾಯಿದೆ 1889ರಲ್ಲಿ ಬಂತು. ‘ಜರ್ಮನಿ’ ಎಂದಷ್ಟೇ ಇದ್ದ ಕಡ್ಡಿ 1914ಕ್ಕೆ ಮುನ್ನಿನದಾಗಿರಬಹುದು, ಎರಡು ಯುದ್ಧಗಳ ನಡುವಿನದೂ ಆಗಿರಬಹುದು; ‘ಪಶ್ಚಿಮ ಜರ್ಮನಿ’ ಎಂದಿದ್ದರೆ 1949 ಮತ್ತು 1990ರ ನಡುವೆ; ‘ಆಕ್ರಮಿತ ಜಪಾನ್’ ಎಂದಿದ್ದರೆ 1952ರ ಒಳಗೆ. ಅಮೆರಿಕನ್ ಮರಾಠಿ ಮಿಶನ್ನಿನ ನೆಲೆಯಾಗಿದ್ದ ಸೊಲ್ಲಾಪುರದಲ್ಲಿ ಅಮೆರಿಕದ ಕಡ್ಡಿ ಸಿಕ್ಕರೆ ಮಿಶನ್ನನ್ನು ನೆನೆಯುವುದು ಸಹಜ. ಆದರೆ ಶಿಕಾಗೋದ ಬೋಯ್ ಕಂಪನಿಯ ಹೆಸರಿದ್ದರೆ ಅದು ಇಪ್ಪತ್ತನೆಯ ಶತಮಾನದ್ದೇ. ಮಿಶನ್ನಿನವರಿಂದ ಬಂದಿರುವಷ್ಟೇ ಸುಲಭವಾಗಿ, ಅಮೆರಿಕಕ್ಕೆ ಹೋದ ಮಗ ತಾಯಿಗೆ ತಂದುಕೊಟ್ಟದ್ದೂ ಆಗಿರಬಹುದು.

ಕಡ್ಡಿ ಮೂಕವಾದರೂ ಪೊಟ್ಟಣ ಮಾತಾಡುತ್ತದೆ. ಸೂಜಿಯ ಕಾಗದವನ್ನು ಎಸೆಯದೆ ಮಡಿಚಿಡುವ ಅಭ್ಯಾಸ ಹಿಂದಿನವರಿಗಿದ್ದದ್ದು ಸಂಶೋಧಕರ ಪುಣ್ಯ. ಬೆಲೆ ಆಣೆಯಲ್ಲಿದ್ದರೆ 1957ರ ಏಪ್ರಿಲಿಗೆ ಮುನ್ನ ಅಥವಾ ಅದರ ಆಸುಪಾಸು. ‘ನಯಾ ಪೈಸೆ’ ಎಂದಿದ್ದರೆ 1957 ಮತ್ತು 1964ರ ನಡುವೆ, ಏಕೆಂದರೆ 1964ರ ಜೂನಿನಲ್ಲಿ ‘ನಯಾ’ ಬಿದ್ದುಹೋಯಿತು. ವಿಳಾಸದಲ್ಲಿ ಆರಂಕಿಯ ಪಿನ್ ಇದ್ದರೆ 1972ರ ಆಗಸ್ಟ್ 15ರ ಈಚಿನದು. ಮದರಾಸು ರಾಜ್ಯ 1969ರ ಜನವರಿಯಲ್ಲಿ ತಮಿಳುನಾಡಾಯಿತು, ಮೈಸೂರು ರಾಜ್ಯ 1973ರ ನವೆಂಬರಿನಲ್ಲಿ ಕರ್ನಾಟಕವಾಯಿತು. ಭಾರತದ ಕಂಪನಿಯ ಹೆಸರಿನಲ್ಲಿ ‘ಪ್ರೈವೇಟ್’ ಎಂಬ ಮಾತು 1956ರ ಕಂಪನಿ ಕಾಯಿದೆಯಿಂದ ಕಡ್ಡಾಯವಾಯಿತು. ತಯಾರಾದ ತಿಂಗಳು ಮತ್ತು ವರ್ಷವನ್ನು ಪೊಟ್ಟಣದ ಮೇಲೆ ಅಚ್ಚಿಸಬೇಕೆಂಬ ನಿಯಮ 1977ರದು. ಗಡಿಯ ಭಾಗಗಳಲ್ಲಿ ರಾಜ್ಯದ ಹೆಸರು ಬದಲಾದ ವರ್ಷಗಳು ರಾಜಕೀಯ ಗಾಯಗಳ ವರ್ಷಗಳೂ ಹೌದು. ಸೂಜಿಯ ಪೊಟ್ಟಣಕ್ಕೆ ಅವು ಬರಿಯ ಗುರುತುಗಲ್ಲುಗಳು.

ಈ ಎಲ್ಲ ಎಳೆಗಳು ಒಂದೆಡೆ ಕೂಡುವ ಜಾಗ ನೀಲಗಿರಿಯ ಕೇತಿ, ಇಂಗ್ಲಿಷ್ ದಾಖಲೆಗಳ ಕೈಟಿ ಅಥವಾ ಕೆಟ್ಟಿ. ಬಡಗರ ಹಟ್ಟಿಗಳಿಂದ ಕೂಡಿದ ಈ ಕಣಿವೆಯಲ್ಲಿ ನೆಲೆಸಿದ ನಿವೃತ್ತ ಸಿವಿಲ್ ಅಧಿಕಾರಿ ಕ್ಯಾಸಮೇಜರ್ ಬಾಸೆಲ್ ಮಿಶನ್ನನ್ನು ಇಲ್ಲಿಗೆ ಕರೆಸಿದ್ದು 1846ರಲ್ಲಿ. 1849ರಲ್ಲಿ ಆತ ತೀರಿಕೊಂಡಾಗ ಆತನ ಆಸ್ತಿಯೂ ಬಡಗರ ನಡುವಿನ ಸೇವೆಗೆಂದು ಮಿಶನ್ನಿಗೆ ಸಂದಿತು. ಕನ್ನಡ ಬೈಬಲಿನ ಕೆಲಸದಲ್ಲಿ ತೊಡಗಿದ್ದ ವೈಗ್ಲೆ ಇಲ್ಲಿದ್ದರು. ಮೆಟ್ಜ್ ಬೆಟ್ಟದ ಹಟ್ಟಿಗಳನ್ನು ವರ್ಷಗಟ್ಟಲೆ ಸುತ್ತಿದರು. ಬಡಗ ಮಾತು ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬ ಚರ್ಚೆಯ ಬೇರುಗಳು ಈ ಮಿಶನರಿಗಳ ಬರಹದಲ್ಲೂ ಇವೆ. ಮಿಶನ್ನಿನ ಈ ಚರಿತ್ರೆ ಅಚ್ಚಾಗಿ ಕೈಗೆ ಸಿಗುವುದರಿಂದ, ಕೇತಿಯ ಸುತ್ತಿನ ಮನೆಗಳಲ್ಲಿ ಕಾಣುವ ಯಾವುದೇ ಹೊಲಿಗೆ-ಹೆಣಿಗೆಯ ಸಾಮಗ್ರಿಯನ್ನು ಅದಕ್ಕೆ ಗಂಟುಹಾಕುವುದು ಸುಲಭ. ಆದರೆ ಒಂದು ಊರಿನಲ್ಲಿ ಮಿಶನ್ ಇತ್ತೆಂಬುದು ಆ ಊರಿನ ಒಂದು ಕಡ್ಡಿಗೆ ಸಾಕ್ಷಿಯಾಗುವುದಿಲ್ಲ.

ಏಕೆಂದರೆ ಅದೇ ಕಣಿವೆಗೆ ನೂರು ವರ್ಷಗಳ ಬಳಿಕ ಸೂಜಿಯ ಕಾರ್ಖಾನೆಯೇ ಬಂತು. ಇಂಗ್ಲೆಂಡಿನ ವುಸ್ಟರ್‌ಶೈರಿನ ರೆಡಿಚ್ ಮತ್ತು ಅದಕ್ಕಂಟಿದ ವಾರಿಕ್‌ಶೈರಿನ ಸ್ಟಡ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ ಜಗತ್ತಿಗೇ ಸೂಜಿ ಒದಗಿಸಿದ ಊರುಗಳು. ಮಿಲ್‌ವರ್ಡ್, ಏಬಲ್ ಮೊರಾಲ್ ಮೊದಲಾದ ಹೆಸರುಗಳು ಈ ಸೀಮೆಯವು. ಸ್ಟಡ್ಲಿಯ ನೀಡಲ್ ಇಂಡಸ್ಟ್ರೀಸ್ ತನ್ನ ಪೂರ್ಣ ಸ್ವಾಮ್ಯದ ಭಾರತೀಯ ಕಂಪನಿಯನ್ನು 1949ರಲ್ಲಿ ಸ್ಥಾಪಿಸಿತು. ಅದರ ಕಾರ್ಖಾನೆ ಕೇತಿಯಲ್ಲಿ. ಇಂದು ಪೋನಿ ಎಂಬ ಮುದ್ರೆಯಲ್ಲಿ ಮಾರಾಟವಾಗುವ ಸೂಜಿ, ಹೆಣಿಗೆ ಕಡ್ಡಿ, ಕ್ರೋಶಾ ಕಡ್ಡಿಗಳು ಈ ಕಂಪನಿಯವು. ಆದ್ದರಿಂದ ಪೋನಿ ಮುದ್ರೆಯ ಕಡ್ಡಿಗೆ 1949 ಎಂಬ ಗಡಿ ದಾಟಲಾಗದ್ದು, ಮನೆಯ ನೆನಪು ಏನೇ ಹೇಳಲಿ.

ಈ ಕಂಪನಿಯ ಬಗೆಗೆ ಇಷ್ಟು ಖಚಿತವಾಗಿ ಹೇಳಲು ಬರುವುದು ಹೆಣಿಗೆಯ ಪುಸ್ತಕಗಳಿಂದಲ್ಲ, ಒಂದು ವ್ಯಾಜ್ಯದಿಂದ. ಮುಂದೆ ಬರ್ಮಿಂಗ್‌ಹ್ಯಾಮಿನ ನ್ಯೂವೆ ಸಂಸ್ಥೆಯೂ ಬಂಡವಾಳದಲ್ಲಿ ಸೇರಿಕೊಂಡು, ವಿದೇಶಿ ಪಾಲು ಒಂದು ಹಿಡುವಳಿ ಕಂಪನಿಯ ಕೈಗೆ ಬಂದಿತ್ತು. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆ ವಿದೇಶಿ ಪಾಲನ್ನು ಶೇಕಡ 40ಕ್ಕೆ ಇಳಿಸಬೇಕೆಂದಾಗ ಇಂಗ್ಲೆಂಡಿನ ಒಡೆಯರಿಗೂ ಭಾರತೀಯ ಪಾಲುದಾರರಿಗೂ ಜಗಳ ಹತ್ತಿತು. ಹೊಸ ಷೇರುಗಳನ್ನು ಹಂಚಿದ ಬಗೆ ನ್ಯಾಯವೇ ಎಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 1981ರ ಮೇ 7ರಂದು ತೀರ್ಪಾಯಿತು. ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್ ಬರೆದ ಆ ತೀರ್ಪು ಕಂಪನಿ ಕಾನೂನು ಓದುವವರಿಗೆ ಬಾಯಿಪಾಠ. ನಿಯಂತ್ರಣ ಭಾರತೀಯರಲ್ಲಿ ಉಳಿಯಿತು. ಕಂಪನಿ ಹುಟ್ಟಿದ ವರ್ಷ, ಒಡೆತನ ಬದಲಾದ ಬಗೆ, ಕಾರ್ಖಾನೆಯ ಊರು ಎಲ್ಲವೂ ತೀರ್ಪಿನ ಮೊದಲ ಭಾಗದಲ್ಲಿ ಸಿಗುತ್ತವೆ. ಒಂದು ಮನೆವಸ್ತುವಿನ ಜಾತಕ ಹೀಗೆ ಕಾನೂನು ವರದಿಯಲ್ಲಿ ಅಡಗಿರುವುದು ವಿಚಿತ್ರವೇನಲ್ಲ: ಹೆಣೆಯುವವರ ಬಗೆಗೆ ದಾಖಲೆ ಇಲ್ಲದಲ್ಲೂ ಷೇರುದಾರರ ಬಗೆಗೆ ಇದ್ದೇ ಇರುತ್ತದೆ.

ಕಡ್ಡಿಗೆ ಯಾವ ಹೆಸರೂ ಅಂಕಿಯೂ ಇಲ್ಲದಿದ್ದರೆ ಅದು ಅತಿ ಹಳೆಯದೆಂದೇನೂ ಅಲ್ಲ. ಸೈಕಲ್ ಚಕ್ರದ ಕಡ್ಡಿಯನ್ನೋ ಕೊಡೆಯ ಕಡ್ಡಿಯನ್ನೋ ತುಂಡರಿಸಿ, ಅರದಿಂದ ಉಜ್ಜಿ, ಊರಿನಲ್ಲೇ ಕೊಕ್ಕೆ ಮಾಡಿಕೊಳ್ಳಲು ಬರುತ್ತದೆ. ಅರದ ಅಡ್ಡಗೀರುಗಳು, ಎರಡು ಬದಿಗೆ ಸಮವಾಗಿರದ ಗಂಟಲು, ಹಿಂತುದಿಯಲ್ಲಿ ತಿರುಪಿನ ಹಲ್ಲುಗಳ ಗುರುತು ಇಂಥ ಕೈಗೆಲಸವನ್ನು ತೋರಿಸಿಕೊಡುತ್ತವೆ. ಸಾಮಾನ್ಯ ಸೈಕಲ್ ಕಡ್ಡಿಯ ದಪ್ಪ ಸುಮಾರು 2 ಮಿಲಿಮೀಟರ್, ಅಂದರೆ ಅಂಗಡಿಯ 14ನೆಯ ನಂಬರಿನಷ್ಟೇ. ಸಂಗ್ರಹಾಲಯಗಳು ದಂತಕ್ಕೂ ಬೆಳ್ಳಿಗೂ ಕೊಡುವ ಗಾಜಿನ ಕಪಾಟನ್ನು ಇಂಥ ಕಡ್ಡಿಗೆ ಕೊಡುವುದಿಲ್ಲ. ಆದರೆ ಕೊಳ್ಳಲು ದುಡ್ಡಿಲ್ಲದಾಗಲೂ ಹೆಣಿಗೆ ನಿಲ್ಲಲಿಲ್ಲವೆಂಬುದಕ್ಕೆ ಇರುವ ನೇರ ಸಾಕ್ಷಿ ಇದೊಂದೇ, ಹಾಗಾಗಿ ಉಳಿದವುಗಳಿಗಿಂತ ಇದರ ಬೆಲೆ ಹೆಚ್ಚೆಂದೇ ಹೇಳಬೇಕು.

ಇಷ್ಟೆಲ್ಲದರ ಎದುರು ಮನೆಯ ನೆನಪನ್ನು ಸುಳ್ಳೆಂದು ತಳ್ಳಿಹಾಕುವ ಉತ್ಸಾಹ ಸಂಶೋಧಕರಿಗೆ ಬಂದರೆ ಅದೂ ತಪ್ಪು ಹಾದಿ. ಉಕ್ಕಿನ ತೆಳು ಕಡ್ಡಿ ಬಾಗುತ್ತದೆ, ಮುರಿಯುತ್ತದೆ, ಕಳೆದುಹೋಗುತ್ತದೆ. ಹೊಸದು ಬಂದು ಹಳೆಯದರ ಜಾಗವನ್ನೂ ಹಳೆಯದರ ಕಥೆಯನ್ನೂ ಪಡೆಯುತ್ತದೆ. ‘ಇದು ಅಜ್ಜಿಯ ಕಡ್ಡಿ’ ಎಂಬ ಮಾತಿನಲ್ಲಿ ‘ಇದು’ ಯಾವುದನ್ನು ಸೂಚಿಸುತ್ತದೆ, ಲೋಹವನ್ನೋ ಕೈಯ ವಿದ್ಯೆಯನ್ನೋ? 1960ರ ಪೊಟ್ಟಣದ ಕಡ್ಡಿಯಿಂದ ಹೆಣೆದ ಲೇಸಿನ ನಮೂನೆ ಮೂರು ತಲೆಮಾರಿನ ಹಿಂದಿನದಾಗಿರಬಹುದು. ಕಡ್ಡಿಯ ವಯಸ್ಸಿನಿಂದ ವಿದ್ಯೆಯ ವಯಸ್ಸನ್ನು ಅಳೆಯುವುದು, ಹೊಸ ತಾಳೆಗರಿಯ ಪ್ರತಿಯಿಂದ ಕಾವ್ಯದ ಕಾಲ ಹೇಳಿದಂತೆ. ಗ್ರಂಥಸಂಪಾದನೆಯಲ್ಲಿ ಪ್ರತಿಯ ಕಾಲ ಬೇರೆ, ಕೃತಿಯ ಕಾಲ ಬೇರೆ ಎಂಬ ವಿವೇಕವನ್ನು ಕಲಿತವರು ಅದನ್ನು ಹೊಲಿಗೆಪೆಟ್ಟಿಗೆಗೂ ಅನ್ವಯಿಸಬೇಕಾಗುತ್ತದೆ.

ಆಂಧ್ರದ ನರಸಾಪುರದ ಲೇಸು ಹೆಣೆಯುವ ಹೆಂಗಸರನ್ನು ಕುರಿತು ಮರಿಯಾ ಮೀಸ್ 1982ರಲ್ಲಿ ಪ್ರಕಟಿಸಿದ ಗ್ರಂಥ ಈ ವಿಚಾರವನ್ನು ಬೇರೊಂದು ಕಡೆಯಿಂದ ಬೆಳಗುತ್ತದೆ. ಮಿಶನರಿಗಳಿಂದ ಮೊದಲಾದದ್ದೆಂದು ಹೇಳಲಾಗುವ ಆ ಕ್ರೋಶಾ ಉದ್ಯಮ ಹೊರದೇಶಗಳ ಮಾರುಕಟ್ಟೆಗೆ ದುಡಿದರೂ, ದುಡಿದವರು ‘ಮನೆಯಲ್ಲಿ ಸುಮ್ಮನೆ ಕೂತ ಗೃಹಿಣಿಯರು’ ಎಂದೇ ಲೆಕ್ಕವಾದರು. ಅವರ ಕೆಲಸಕ್ಕೆ ಕೆಲಸವೆಂಬ ಹೆಸರಿರಲಿಲ್ಲ. ಕೆಲಸವನ್ನು ಬಿಡುವಿನ ವಿನೋದವೆಂದು ಕರೆದಾಗ ಅದರ ಉಪಕರಣ ಆಟಿಕೆಯಾಗುತ್ತದೆ, ಆಟಿಕೆಗೆ ಯಾರೂ ಕಾಲ ಹುಡುಕುವುದಿಲ್ಲ. ಗಡಿನಾಡಿನ ಕನ್ನಡ ಮನೆಗಳಲ್ಲಿ ಹೆಣೆದ ಟೇಬಲ್ ಹಾಸು, ತೋರಣ, ಮಗುವಿನ ಕುಲಾವಿಗಳಲ್ಲಿ ಎಷ್ಟು ಮಾರಾಟಕ್ಕೆ ಹೋದವು, ಎಷ್ಟು ಮದುವೆಯ ಪೆಟ್ಟಿಗೆಗೆ ಹೋದವು ಎಂಬ ಪ್ರಶ್ನೆ ಕೇಳಲು ಕಡ್ಡಿಯ ಸವೆತ ಒಂದು ನೆವವಾಗಬಲ್ಲದು.

ದಾಖಲಿಸುವ ಕ್ರಮದ ಬಗೆಗೆ ಕೊನೆಗೊಂದು ಮಾತು. ಪೆಟ್ಟಿಗೆಯನ್ನು ಕಂಡ ಹಾಗೆಯೇ ಮೊದಲು ಚಿತ್ರ ತೆಗೆದು, ಆಮೇಲೆ ಕೈಹಾಕಬೇಕು. ಕಡ್ಡಿ ಯಾವ ನೂಲಿನ ಉಂಡೆಯ ಜೊತೆಗಿತ್ತು ಎಂಬುದು ಒಮ್ಮೆ ತಪ್ಪಿದರೆ ಮತ್ತೆ ಸಿಗದು. ನೂಲಿನ ಚೀಟಿಗಳು ಅನೇಕ ಸಲ ಕಡ್ಡಿಗಿಂತ ಉತ್ತಮ ಸಾಕ್ಷಿಗಳು, ಆದರೆ ಅವುಗಳಲ್ಲೂ ಜಾರುವ ಜಾಗಗಳಿವೆ. ಡಿ.ಎಂ.ಸಿ. ನೂಲಿನ ತವರಾದ ಮುಲೂಸ್ 1871ರಿಂದ 1918ರವರೆಗೆ ಜರ್ಮನಿಯ ಆಡಳಿತದಲ್ಲಿತ್ತು, ಅದೇ ಕಂಪನಿಗೆ ಫ್ರಾನ್ಸಿನೊಳಗೂ ವಿಳಾಸಗಳಿದ್ದವು. ‘ಫ್ರಾನ್ಸ್’ ಎಂಬ ಒಂದೇ ಪದ ಹಿಡಿದು ವರ್ಷ ಹೇಳುವಂತಿಲ್ಲ. ತುಕ್ಕನ್ನು ಉಪ್ಪುಕಾಗದದಿಂದ ತಿಕ್ಕುವುದು, ಹುಣಿಸೆಯಿಂದ ತೊಳೆಯುವುದು ಬೇಡವೇ ಬೇಡ. ತುಕ್ಕಿನ ಜೊತೆಗೆ ಆಳವಿಲ್ಲದ ಅಚ್ಚಿನ ಅಕ್ಷರಗಳೂ ಹೋಗುತ್ತವೆ. ಓರೆಯಾಗಿ ಬೆಳಕು ಹಾಯಿಸಿದರೆ ಬರಿಗಣ್ಣಿಗೆ ಕಾಣದ ಅಕ್ಷರ ಎಷ್ಟೋ ಸಲ ಎದ್ದುಬರುತ್ತದೆ, ಶಾಸನದ ಹಾಗೆಯೇ. ಯಾದಿಯಲ್ಲಿ ವಸ್ತು ಹೇಳುವ ಕಾಲಕ್ಕೂ ಮನೆಯವರು ಹೇಳುವ ಕಾಲಕ್ಕೂ ಬೇರೆ ಬೇರೆ ಅಂಕಣಗಳಿರಬೇಕು. ಹೇಳಿದವರ ಮಾತು ಅವರ ನುಡಿಯಲ್ಲೇ, ಬಡಗವಾದರೆ ಬಡಗದಲ್ಲೇ, ಇಳಿಯಬೇಕು. ಎರಡು ಅಂಕಣಗಳು ಹೊಂದದಿದ್ದರೆ ಹೊಂದಿಸಲು ಹೋಗದೆ ಹಾಗೆಯೇ ಬಿಡಬೇಕು, ಪೆಟ್ಟಿಗೆಯಲ್ಲಿ ಇನ್ನೂ ಎರಡು ಕಡ್ಡಿಗಳಿದ್ದರೆ ಅವುಗಳಿಗೂ ಬೇರೆ ಬೇರೆ ಸಾಲು ಕೊಡಬೇಕು.